ಶನಿವಾರ ನಡೆದು ಬಂದವರು

ಸತ್ತವರ ಬಗ್ಗೆ ಬರೆಯಲು ಕೂತರೆ ಕಣ್ಣು ತುಂಬಿಕೊಳ್ಳಬೇಕಂತೆ. ನನಗೆ ಸಿಟ್ಟು ಬರುತ್ತಿದೆ. ಅವರು ಹೋಗಿ ಮೂರು ತಿಂಗಳಾಯಿತು, ಸಿಟ್ಟು ಮಾತ್ರ ಇಳಿದಿಲ್ಲ. ಅದರಲ್ಲಿ ಅರ್ಧ ಪಾಲು ನನ್ನ ಮೇಲೆಯೇ ಇರುವುದರಿಂದ ಬೇರೆಯವರಿಗೆ ಬೈದು ಮುಗಿಸುವಂತೆಯೂ ಇಲ್ಲ.

ಹೆಸರು ಬರೆಯುವುದಿಲ್ಲ. ಅವರೇ ಬದುಕಿನ ಬಹುಪಾಲು ಅದನ್ನು ಬಾಯಿಬಿಟ್ಟು ಹೇಳದೆ ತಿರುಗಿದವರು. ಇಲ್ಲಿ, ಈ ಪೆನಾಂಗ್ ದ್ವೀಪದಲ್ಲಿ, ವಯಸ್ಸಾದವರೆಲ್ಲ ಅಂಕಲ್. ನಾನೂ ಹಾಗೇ ಕರೆಯುತ್ತಿದ್ದೆ. ಅವರ ಮಾತು ಇಲ್ಲಿಯ ಇಂಗ್ಲಿಷು, ನಡುವೆ ಮಲಯ, ಬೈಗುಳಕ್ಕೆ ಮಾತ್ರ ಈ ಊರಿನ ಚೀನಿಯರ ಹೊಕ್ಕಿಯೆನ್. ಇಲ್ಲಿ ಎಲ್ಲವನ್ನೂ ನನ್ನ ಕನ್ನಡದಲ್ಲಿ ಹೇಳುತ್ತಿದ್ದೇನೆ.

ಮೊದಲ ಭೇಟಿಯಲ್ಲೇ ನನ್ನ ಮಾನ ಕಳೆದಿದ್ದರು. ನಮ್ಮ ಮೆಡಿಕಲ್ ಕಾಲೇಜಿನ ವೃದ್ಧರ ಕ್ಲಿನಿಕ್ಕಿನಲ್ಲಿ ನನ್ನ ಸುತ್ತ ಆರು ಮಂದಿ ವಿದ್ಯಾರ್ಥಿಗಳು ನಿಂತಿದ್ದರು. ಒಳಗೆ ಬಂದ ಮುದುಕರು ಕೂರುವ ಮೊದಲು ನನ್ನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ, "ಅರವತ್ತೆಂಟು ಕಿಲೋ. ಚಪ್ಪಲಿ ಬಿಟ್ಟು," ಎಂದರು. ಹುಡುಗಿಯರು ಕಿಸಕ್ಕೆಂದರು. ಉಡುಪಿಯವಳು ನಾನು, ಮೂಗಿನ ತುದಿಯಲ್ಲೇ ಕೋಪ. "ಅಂಕಲ್, ಇಲ್ಲಿ ತೂಕ ನೋಡುವವಳು ನಾನು," ಎಂದೆ. ಮನೆಗೆ ಹೋಗಿ ಯಾರಿಗೂ ಹೇಳದೆ ತೂಕದ ಮಷೀನು ಹತ್ತಿದೆ. ಸರಿಯಾಗಿ ಅರವತ್ತೆಂಟು. ಅವರ ಮೇಲಿನ ಕೋಪ ಇನ್ನಷ್ಟು ಏರಿತು.

ಅವರಿಗೆ ತೊಂಬತ್ತು ಹತ್ತಿರವಾಗಿತ್ತು. ಎಡಗಿವಿ ಮುದ್ದೆಯಾಗಿತ್ತು, ಮೂಗು ಎರಡು ಕಡೆ ಮುರಿದು ಕೂಡಿಕೊಂಡಿತ್ತು. ನರ್ಸು ತೂಕ ನೋಡಲು ಕರೆದರೆ ಶೂ ಬಿಚ್ಚಿ, ವಾಚು ಬಿಚ್ಚಿ, ಬೆಲ್ಟು ಬಿಚ್ಚಿ, ಜೇಬಿನ ಚಿಲ್ಲರೆಯನ್ನೆಲ್ಲ ಟ್ರೇಗೆ ಸುರಿದು, ಉಸಿರು ಪೂರ್ತಿ ಹೊರಗೆ ಬಿಟ್ಟು ಹತ್ತುವವರು. ಹಿಂದೆ ಕಾಯುತ್ತಿದ್ದ ಅಜ್ಜಿಯರು ಗೊಣಗಿದರೂ ಕೇಳುತ್ತಿರಲಿಲ್ಲ. "ಐವತ್ತೆರಡು. ಇನ್ನೂ ಒಂಬತ್ತು ಕಿಲೋ ತಿನ್ನಬಹುದು, ಮಿಸ್ಸಿ," ಎಂದು ನನ್ನ ಕಡೆ ನೋಡಿ ನಗುವರು. ಮಿಸ್ಸಿ ಎಂದರೆ ಇಲ್ಲಿಯ ಹಳಬರ ಬಾಯಲ್ಲಿ ನರ್ಸು. ನಾನು ಡಾಕ್ಟರು ಎಂದು ಎಷ್ಟು ಸಲ ಹೇಳಿದರೂ ಅವರಿಗೆ ನಾನು ಮಿಸ್ಸಿಯೇ.

ಒಂಬತ್ತು ಕಿಲೋ ಲೆಕ್ಕ ಆಮೇಲೆ ತಿಳಿಯಿತು. ಅವರು ಐವತ್ತರ ದಶಕದಲ್ಲಿ ಬಾಕ್ಸರ್. ಲೈಟ್‌ವೇಟ್. ಆ ವರ್ಗದವರು ನೂರ ಮೂವತ್ತೈದು ಪೌಂಡು ದಾಟುವಂತಿಲ್ಲ, ಅಂದರೆ ಅರವತ್ತೊಂದು ಕಿಲೋ ಚಿಲ್ಲರೆ. ಆಗ ಇಲ್ಲಿಯ ಅಮ್ಯೂಸ್‌ಮೆಂಟ್ ಪಾರ್ಕುಗಳಲ್ಲಿ ಒಂದು ಕಡೆ ರಾಟೆ ತೊಟ್ಟಿಲು ತಿರುಗುತ್ತಿದ್ದರೆ ಇನ್ನೊಂದು ಕಡೆ ತಗಡಿನ ಮಾಡಿನ ಕೆಳಗೆ ಬಾಕ್ಸಿಂಗ್. ಪೋಸ್ಟರಿನಲ್ಲಿ ಇವರಿಗೆ 'ಅರಬ್ಬೀ ಹುಲಿ' ಎಂದು ಹೆಸರು ಹಾಕುತ್ತಿದ್ದರಂತೆ. "ನಾನು ಅರಬ್ಬನೂ ಅಲ್ಲ, ಹುಲಿಯೂ ಅಲ್ಲ. ಟಿಕೆಟ್ ಮಾರುವವನಿಗೆ ಎರಡೂ ಬೇಕಿತ್ತು," ಎನ್ನುವರು. ಮತ್ತೆ ಏನು ನೀವು ಎಂದು ನಾನು ಕೇಳಲಿಲ್ಲ. ಇಲ್ಲಿ ಮೂರು ತಲೆಮಾರು ಬೆರೆತವರ ಮುಖ ಎಲ್ಲ ಹೀಗೇ ಎಂದುಕೊಂಡೆ.

ಶನಿವಾರದ ಪಂದ್ಯಗಳಲ್ಲಿ ಅವರದೊಂದು ಹಟವಿತ್ತು. ಜನ ಸೇರಿ ಸೀಟಿ ಹೊಡೆಯುತ್ತಿದ್ದರೂ ಹೊರಗೆ ಬಂದು ಆಕಾಶ ನೋಡುತ್ತ ನಿಲ್ಲುವರು. ಮೂರು ನಕ್ಷತ್ರ ಕಂಡ ಮೇಲೆಯೇ ಗ್ಲೌಸು. ಮೋಡ ಮುಚ್ಚಿದ ದಿನ ಪ್ರೊಮೋಟರ್ ಅಪ್ಪ ಅಮ್ಮನನ್ನೆಲ್ಲ ಎತ್ತಿ ಬೈಯುತ್ತಿದ್ದನಂತೆ. ಆಟಗಾರರ ಮೂಢನಂಬಿಕೆ ಎಂದು ನಾನೂ ನಕ್ಕಿದ್ದೆ.

ಬಾಕ್ಸಿಂಗ್ ಬಿಟ್ಟ ಮೇಲೆ ಬಂದರಿನಲ್ಲಿ ರಬ್ಬರು, ತವರ ತೂಗುವ ಗುಮಾಸ್ತೆಯಾಗಿ ಮೂವತ್ತು ವರ್ಷ. ಅಲ್ಲಿಂದಲೇ ಕಣ್ಣಳತೆಯ ತೂಕ ಬಂದದ್ದು. ಮಾಮಕ್ ಎನ್ನುವ ತಮಿಳು ಮುಸ್ಲಿಮರ ಹೋಟೆಲಿನಿಂದ ನಾನು ತಪಾವ್ ಮಾಡಿಸಿ, ಅಂದರೆ ಕಟ್ಟಿಸಿಕೊಂಡು, ಬಂದ ಊಟದ ಪೊಟ್ಟಣವನ್ನು ಅಂಗೈಯಲ್ಲಿಟ್ಟು, "ನಿನಗೆ ಅನ್ನ ಕಡಿಮೆ ಹಾಕಿದ್ದಾನೆ, ಹೋಗಿ ಕೇಳು," ಎನ್ನುವರು. ಒಂದು ಮಾತು ಅವರ ಬಾಯಲ್ಲಿ ಸದಾ ಇರುತ್ತಿತ್ತು: "ತಕ್ಕಡಿಗೆ ಸುಳ್ಳು ಗೊತ್ತಿಲ್ಲ ಮಿಸ್ಸಿ, ತೂಗುವವನಿಗೆ ಗೊತ್ತು."

ಇಷ್ಟು ತಮಾಷೆಯ ಮನುಷ್ಯರಿಗೆ ಒಂದು ಕೊರಗು. ಅವರ ಒಂದೇ ಒಂದು ಟೈಟಲ್ ಪಂದ್ಯ ನಡೆಯಲೇ ಇಲ್ಲ. ಆಗಿನ ಕಮಿಟಿಯ ಪುಸ್ತಕದಲ್ಲಿ ಇವರ ಹೆಸರಿನ ಮುಂದೆ ಒಂದು ಸಾಲಿದೆ: 'ತೂಕಕ್ಕೆ ಬರಲಿಲ್ಲ. ನೆಪ ಕಳಿಸಿದ.' ಎದುರಾಳಿಗೆ ಕೂತಲ್ಲೇ ಪಟ್ಟ. ಮರುದಿನದಿಂದ ಊರಿನಲ್ಲಿ ಇವರು ಹೆದರಿ ಓಡಿದವರು. ಆಮೇಲೆ ಆರೇಳು ವರ್ಷ ಆಡಿದರು, ಆದರೆ ಮೇಲೆ ಬರಬೇಕಾದ ಹುಡುಗರಿಗೆ ಹೊಡೆತ ಕಲಿಸುವ ಗೋಣಿಚೀಲವಾಗಿ. ತಮಗಿಂತ ಐದಾರು ಕಿಲೋ ಜಾಸ್ತಿಯವರ ಎದುರು ನಿಲ್ಲಿಸುತ್ತಿದ್ದರು. ಕಿವಿ ಮುದ್ದೆಯಾದದ್ದು ಆಗ.

"ನಾನು ಹೋಗಿದ್ದೆ, ಮಿಸ್ಸಿ. ಹತ್ತು ನಿಮಿಷ ತಡವಾಯಿತು."

"ಯಾಕೆ ತಡ?"

"ನಡೆದು ಹೋದೆ."

"ಬಸ್ಸಿರಲಿಲ್ಲವೇ?"

"ಇತ್ತು," ಎಂದು ವಾಚು ಕಟ್ಟಿಕೊಂಡು ಎದ್ದುಬಿಟ್ಟರು. ಬಸ್ಸಿಗೆ ಕಾಸಿರಲಿಲ್ಲವೇನೋ ಪಾಪ ಎಂದುಕೊಂಡೆ.

ಈಗ ಇಷ್ಟು ವರ್ಷಗಳ ಮೇಲೆ ಇಲ್ಲಿಯ ಒಂದು ಬಾಕ್ಸಿಂಗ್ ಸಂಘದವರಿಗೆ ಹಳಬರ ನೆನಪಾಗಿತ್ತು. ಸ್ಟೇಡಿಯಂ ಮೊಗಸಾಲೆಯ ಗೋಡೆಯ ಮೇಲೆ ಫೋಟೋ ಹಾಕಿ, ಕೆಳಗೆ ಪುಸ್ತಕದಲ್ಲಿದ್ದಂತೆ ದಾಖಲೆ ಬರೆಸುತ್ತೇವೆ ಎಂದರು. ಇವರಿಗೆ ಅದೇ ದಿಗಿಲು. ಆ ಸಾಲು ಇನ್ನು ಗೋಡೆ ಏರುತ್ತದೆ! ಗುಮಾಸ್ತೆಯ ಗುಂಡು ಅಕ್ಷರದಲ್ಲಿ ಪತ್ರದ ಮೇಲೆ ಪತ್ರ ಬರೆದರು. ಬೇಡಿಕೆ ಒಂದೇ: 'ಬರಲಿಲ್ಲ' ಎನ್ನುವುದನ್ನು ಹೊಡೆದು 'ನಡೆದು ಬಂದ, ತಡವಾಯಿತು' ಎಂದು ಬರೆಯಿರಿ. ಸಂಘದ ಕಾರ್ಯದರ್ಶಿ ಉತ್ತರಿಸಿದರು: ಆಗಿನವರು ಯಾರೂ ಉಳಿದಿಲ್ಲ, ಸಾಕ್ಷಿ ನೀವೊಬ್ಬರೇ, ಆದ್ದರಿಂದ ನಿಮ್ಮ ನೆನಪು ಸರಿಯಿದೆ ಎಂದು ಡಾಕ್ಟರರಿಂದ ಕಾಗದ ತನ್ನಿ.

ಡಾಕ್ಟರರು ಎಂದರೆ ನಾನು.

ಮೆಮೊರಿ ಪರೀಕ್ಷೆ ನಮ್ಮಲ್ಲಿ ಶನಿವಾರ ಮಾತ್ರ. ಬನ್ನಿ ಎಂದೆ. ಅವರು ಇಪ್ಪತ್ತು ನಿಮಿಷ ತಡವಾಗಿ, ಅಂಗಿ ಬೆವರಿ ಬೆನ್ನಿಗಂಟಿಕೊಂಡು ಬಂದರು. ನಾಲ್ಕನೆಯ ಮಹಡಿಗೆ ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತಿದ್ದರು. "ಏನಂಕಲ್, ಈ ವಯಸ್ಸಲ್ಲಿ ಸರ್ಕಸ್ಸಾ?" ಎಂದು ಗದರಿದೆ. ಹೊರಗೆ ಇನ್ನೂ ಒಂಬತ್ತು ಜನ ಕಾಯುತ್ತಿದ್ದರು. ಪ್ರಶ್ನೆ ಕೇಳಿದೆ, ಪಟಪಟನೆ ಹೇಳಿದರು. ಐದು ಪದ ಕೊಟ್ಟು ಆಮೇಲೆ ಕೇಳಿದರೆ ಐದೂ ಬಂದವು. ಕೊನೆಗೆ ಹಾಳೆ, ಪೆನ್ನು ಮುಂದಿಟ್ಟು, ಗಡಿಯಾರ ಬರೆಯಿರಿ, ಹನ್ನೊಂದು ಗಂಟೆ ಹತ್ತು ನಿಮಿಷ ತೋರಿಸಿ ಎಂದೆ.

ಅವರು ಎರಡೂ ಕೈಯನ್ನು ತೊಡೆಯ ಮೇಲಿಟ್ಟುಕೊಂಡರು. "ಇವತ್ತು ಪೆನ್ನು ಹಿಡಿಯುವುದಿಲ್ಲ."

"ಕೈ ನೋವೇ?"

"ಇಲ್ಲ. ಇವತ್ತು ಬೇಡ."

ಈ ಉತ್ತರ ನಮಗೆ ಹೊಸದಲ್ಲ. ಮರೆವು ಶುರುವಾದವರು ಬರೆಯಲು ಬಾರದಿದ್ದಾಗ ಕನ್ನಡಕ ತಂದಿಲ್ಲ, ಕೈ ನಡುಗುತ್ತದೆ, ಇವತ್ತು ಮೂಡಿಲ್ಲ ಎಂದೇ ಹೇಳುವುದು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಪೆನ್ನು ಹಿಡಿಯುವ ಪ್ರಶ್ನೆಗಳಿಗೆ ಸಲ್ಲಬೇಕಾದ ಐದು ಅಂಕಕ್ಕೂ ಸೊನ್ನೆ ಹಾಕಿದೆ. ಮೂವತ್ತಕ್ಕೆ ಇಪ್ಪತ್ತೆರಡು ಬಂತು. ಇಪ್ಪತ್ತಾರರ ಕೆಳಗೆ ಬಂದರೆ ನಾವು ಅನುಮಾನ ಪಡುತ್ತೇವೆ. ಷರಾ ಕಾಲಮ್ಮಿನಲ್ಲಿ ಬರೆದೆ: 'ತಡವಾಗಿ ಬಂದರು. ಬರೆಯಲು ನಿರಾಕರಣೆ. ನೆಪ ಹೇಳುತ್ತಾರೆ.'

ನೆಪ. ಅದೇ ಪದ. ಅವರ ಪತ್ರಗಳನ್ನು ಓದಿದ್ದವಳು ನಾನು, ಆ ಪದ ಅವರನ್ನು ಎಪ್ಪತ್ತು ವರ್ಷ ಚುಚ್ಚಿದೆ ಎಂದು ಗೊತ್ತಿದ್ದವಳು. ನನ್ನ ಕೈಗೆ ಅದು ಎಷ್ಟು ಸಲೀಸಾಗಿ ಬಂತು ನೋಡಿ!

ಇನ್ನೂ ನಾಚಿಕೆಗೇಡಿನದು ಮುಂದಿದೆ. ಎರಡು ವಾರ ಕಳೆದು ಕ್ಲಿನಿಕ್ಕಿನ ಗುಮಾಸ್ತೆ ಸಹಿಗೆಂದು ಕಾಗದದ ಕಂತೆ ತಂದಿಟ್ಟಳು. ಇಬ್ಬರು ರೋಗಿಗಳ ನಡುವೆ ಒಂದೊಂದಾಗಿ ಮಗುಚುತ್ತ ಓದದೆಯೇ ಸಹಿ ಗೀಚಿದೆ. ಸಂಘಕ್ಕೆ ಹೋಗುವ ವರದಿಯೂ ಅದರಲ್ಲಿತ್ತು. ಮತ್ತೊಂದು ದಿನ ಕರೆಸಿ ನೋಡಬೇಕು ಎಂದುಕೊಂಡಿದ್ದು ಮರೆತೇಹೋಗಿತ್ತು. ಯಾರ ನೆನಪಿನ ಪರೀಕ್ಷೆ ಆಗಬೇಕಿತ್ತೋ ದೇವರಿಗೇ ಗೊತ್ತು.

ಒಂದು ಬುಧವಾರ ಅವರು ಬಂದರು. ಸಂಘದ ಪತ್ರ ನನ್ನ ಮೇಜಿನ ಮೇಲಿಟ್ಟರು. 'ವೈದ್ಯಕೀಯ ವರದಿಯ ಪ್ರಕಾರ ತಮ್ಮ ಸ್ಮರಣಶಕ್ತಿ ಕುಂದಿರುವುದರಿಂದ ತಮ್ಮ ಹೇಳಿಕೆಯನ್ನು ಪರಿಗಣಿಸಲಾಗದು.' ಅವರು ಬೈಯಲಿಲ್ಲ. ನನ್ನ ಪೆನ್ನು ತೆಗೆದುಕೊಂಡು ಆ ಪತ್ರದ ಹಿಂಬದಿಯಲ್ಲೇ ದುಂಡಗೆ ಗಡಿಯಾರ ಬರೆದರು. ಹನ್ನೆರಡು ಅಂಕಿ, ಎರಡು ಮುಳ್ಳು, ಹನ್ನೊಂದು ಗಂಟೆ ಹತ್ತು ನಿಮಿಷ. "ಐದು ಪದ ಹೇಳಲೇ? ನೀನು ಅವತ್ತು ಕೊಟ್ಟವು?" ಎಂದು ಅವನ್ನೂ ಹೇಳಿದರು.

"ಹಾಗಾದರೆ ಆ ದಿನ ಏನು ದಾಡಿಯಾಗಿತ್ತು ನಿಮಗೆ?" ತಪ್ಪು ನನ್ನದಾದಾಗ ನನ್ನ ದನಿ ಜೋರಾಗುತ್ತದೆ.

ಅವರು ಎದ್ದು ಹೋಗಿ ಬಾಗಿಲು ಹಾಕಿಕೊಂಡು ಬಂದರು. "ಅವತ್ತು ಶನಿವಾರ," ಎಂದರು ಮೆಲ್ಲಗೆ. "ನಾವು ಯಹೂದಿಗಳು, ಮಿಸ್ಸಿ. ಬಗ್ದಾದಿನಿಂದ ಬಾಂಬೆಗೆ, ಬಾಂಬೆಯಿಂದ ಇಲ್ಲಿಗೆ. ಒಂದು ಕಾಲಕ್ಕೆ ಈ ಊರಿನಲ್ಲಿ ನಮ್ಮವರ ನಾಲ್ಕಾರು ಮನೆಯಿದ್ದವು. ಈಗ ನಾನೇ."

ಶುಕ್ರವಾರ ಸೂರ್ಯ ಮುಳುಗಿದಾಗಿನಿಂದ ಶನಿವಾರ ಮೂರು ನಕ್ಷತ್ರ ಮೂಡುವವರೆಗೆ ಬರೆಯುವಂತಿಲ್ಲ, ಗಾಡಿ ಹತ್ತುವಂತಿಲ್ಲ, ಲಿಫ್ಟಿನ ಗುಂಡಿ ಒತ್ತುವಂತಿಲ್ಲ. "ಉಳಿದದ್ದರಲ್ಲಿ ನಾನು ತೂತು ದೋಣಿ. ಏನು ತಿಂದೆ, ಏನು ಕುಡಿದೆ ಕೇಳಬೇಡ. ಅಮ್ಮ ಸಾಯುವಾಗ ಶನಿವಾರವೊಂದನ್ನು ಬಿಡಬೇಡ ಅಂದಳು. ಅದೊಂದನ್ನು ಬಿಡಲಿಲ್ಲ."

ಟೈಟಲ್ ಪಂದ್ಯ ಶನಿವಾರ ರಾತ್ರಿ, ತೂಕ ಅಂದು ಬೆಳಿಗ್ಗೆ ಹತ್ತಕ್ಕೆ. ಇವರ ಮನೆಯಿಂದ ಎರಡು ಬೀದಿ ಆಚೆ ಎಂದು ನಿಗದಿಯಾಗಿತ್ತು. ಶುಕ್ರವಾರ ಸಂಜೆ ಚೀಟಿ ಬಂತು: ಜಾಗ ಬದಲಾಗಿದೆ, ಬಯಾನ್ ಲೆಪಾಸಿನ ಅಕ್ಕಿ ಗಿರಣಿಗೆ ಬಾ. ಹತ್ತು ಮೈಲಿ! ಮೂಟೆ ತೂಗುವ ತಕ್ಕಡಿಯಲ್ಲಿ ಮನುಷ್ಯರನ್ನು ತೂಗುತ್ತಾರಂತೆ. ಇವರು ಶನಿವಾರ ಗಾಡಿ ಹತ್ತುವುದಿಲ್ಲ ಎಂದು ಎದುರಾಳಿಯ ಮ್ಯಾನೇಜರಿಗೆ ಚೆನ್ನಾಗಿ ಗೊತ್ತಿತ್ತು. ಮೊದಲಿನ ಜಾಗದಲ್ಲೇ ತೂಗಿ ಎಂದು ಇವರು ಚಿಕ್ಕಪ್ಪನ ಕೈಯಲ್ಲಿ ಕಮಿಟಿಗೆ ಹೇಳಿ ಕಳಿಸಿದರು. ಕಮಿಟಿಯವರು ಪುಸ್ತಕದಲ್ಲಿ 'ನೆಪ' ಎಂದದ್ದು ಅದನ್ನೇ. ಬೆಳಿಗ್ಗೆ ಆರೂವರೆಗೆ ಹೊರಟು ಬಿಸಿಲಲ್ಲಿ ನಡೆದು ಮುಟ್ಟುವಾಗ ಹತ್ತು ಗಂಟೆ ಹತ್ತು ನಿಮಿಷ. ತಕ್ಕಡಿಯ ಮೇಲೆ ಆಗಲೇ ಅಕ್ಕಿಮೂಟೆ ಏರಿಸಿಬಿಟ್ಟಿದ್ದರು.

"ಅಷ್ಟು ದೂರ ನಡೆಯುವುದೂ ಅವತ್ತು ತಪ್ಪೇ ಅಂತ ಮನೆಗೆ ಬಂದ ಮೇಲೆ ಚಿಕ್ಕಪ್ಪ ಬೈದ. ಎರಡು ಕಡೆಯೂ ಸೋತೆ," ಎಂದು ನಕ್ಕರು.

ನನಗೆ ನಗು ಬರಲಿಲ್ಲ. "ಅಂಕಲ್, ಆ ದಿನ ಇಷ್ಟು ಹೇಳಬಾರದಿತ್ತೇ? ಬೇರೆ ದಿನ ಕರೆಸುತ್ತಿದ್ದೆ."

"ಹೊರಗೆ ಒಂಬತ್ತು ಜನ ಕೂತಿದ್ದರು, ಬಾಗಿಲು ತೆರೆದಿತ್ತು. ಈ ಪದವನ್ನು ನಾನು ಈಗೀಗ ಜೋರಾಗಿ ಹೇಳುವುದಿಲ್ಲ. ಪೇಪರಿನಲ್ಲಿ ಬರುವ ಯಹೂದಿ ದೇಶದ ಯುದ್ಧದ ಸುದ್ದಿಗೆಲ್ಲ ನಾನು ಉತ್ತರ ಕೊಡಬೇಕಾಗುತ್ತದೆ." ಸಂಘದ ಪತ್ರವನ್ನು ಮಡಚಿ ಜೇಬಿಗಿಟ್ಟು ಹೇಳಿದರು: "'ಬರುತ್ತೀರಾ' ಅಂತ ನೀನು ಕೇಳಿದೆ, ನಾನು ಬಂದೆ. 'ಬರೆಯುತ್ತೀರಾ' ಅಂತ ನೀನು ಕೇಳಲಿಲ್ಲ."

ಆ ಸಂಜೆ ಮನೆಯಲ್ಲಿ ಪಾತ್ರೆಗಳಿಗೆಲ್ಲ ನನ್ನ ಸಿಟ್ಟು ತಾಗಿತು. ನನ್ನ ಗಂಡ ಹುಬ್ಬಳ್ಳಿಯವರು, ಬಯಾನ್ ಲೆಪಾಸಿನ ಚಿಪ್ ಫ್ಯಾಕ್ಟರಿಯೊಂದರಲ್ಲಿ ಇಂಜಿನಿಯರ್. ಎಲ್ಲ ಕೇಳಿ, "ಆ ಗಿರಣಿ ನಮ್ಮ ಫ್ಯಾಕ್ಟರಿ ಆಜೂಬಾಜೂನ ಇತ್ತೇನೋ. ನಾ ಕಾರಿನ್ಯಾಗ ಹೋಗಾಕ ಬ್ಯಾಸರಾ ಮಾಡ್ಕೋತೀನಿ," ಎಂದರು. ಆಮೇಲೆ ತಣ್ಣಗೆ ಕೇಳಿದರು: "ಅಲ್ಲಾ, ನಿಮ್ಮಜ್ಜಿ ಏಕಾದಶಿ ದಿನಾ ಗುಳಗಿ ಸೈತ ನುಂಗತಿರಲಿಲ್ಲ ಅಂತಿದ್ದೆಲ್ಲಾ? ಆಕೀಗೆ ಎಷ್ಟ ಮಾರ್ಕ್ಸ್ ಕೊಡತಿದ್ದಿ?"

ಅಜ್ಜಿಯನ್ನು ನಾವು ಹಟಮಾರಿ ಎಂದು ಬೈದದ್ದುಂಟು, ತಲೆ ಕೆಟ್ಟಿದೆ ಎಂದು ಯಾರೂ ಬರೆದುಕೊಡಲಿಲ್ಲ.

ಶನಿವಾರ ಬಿಟ್ಟು ಬೇರೆ ದಿನ ಕರೆಸಿ ಮರುಪರೀಕ್ಷೆ ಮಾಡಿದೆ. ಇಪ್ಪತ್ತೆಂಟು ಬಂತು. ಮೊದಲಿನ ವರದಿ ನನ್ನ ತಪ್ಪು, ಇವರ ನೆನಪು ಗಟ್ಟಿಯಾಗಿದೆ ಎಂದು ಪತ್ರ ಬರೆದು ನಾನೇ ಹಿಡಿದುಕೊಂಡು ಸಂಘದ ಕಚೇರಿಗೆ ಹೋದೆ. ಕಾರ್ಯದರ್ಶಿ ಒಳ್ಳೆಯ ಮಾತಿನವರು. ಇಲ್ಲಿಯ ನೊರೆ ಚಹಾ ತೆ ತಾರಿಕ್ ತರಿಸಿದರು.

"ಡಾಕ್ಟರ್, ಮೊದಲನೇ ಕಾಗದಾನೂ ನಿಮ್ಮದೇ, ಎರಡನೇದೂ ನಿಮ್ಮದೇ. ಯಾವುದನ್ನ ನಂಬೋದು ಹೇಳಿ?"

"ಓದಿ ಸಹಿ ಮಾಡಿದ್ದನ್ನು ನಂಬಿ. ಅದು ಎರಡನೆಯದು."

"ಒಂದೇ ಸಾಲು ಲಾ," ಎಂದು ಇಲ್ಲಿಯವರ ರಾಗ ಎಳೆದರು. "ಅಷ್ಟಕ್ಕೆ ಯಾಕೆ ಇಷ್ಟು ಬಿಸಿ?"

"ಒಂದೇ ಸಾಲಾದರೆ ಬದಲಿಸಲು ನಿಮಗೇನು ಕಷ್ಟ?"

ಅವರು ಚಹಾ ತಿರುವಿದರು. "ನಡೆದು ಬಂದ ಅಂದ್ರೆ ಯಾಕೆ ನಡೆದ ಅಂತ ಜನ ಕೇಳ್ತಾರೆ. ಯಾಕೆ ಅಂತ ಬರೆದ್ರೆ ಇನ್ನೊಂದು ತಲೆನೋವು. ನೀವು ಹೊರಗಿನವರು, ನಿಮಗೆ ಗೊತ್ತಾಗಲ್ಲ."

ಮೈಯೆಲ್ಲ ಉರಿದುಹೋಯಿತು. "ನಾನು ಹೊರಗಿನವಳು, ಸರಿ. ಅವರು? ಇದೇ ಊರಿನಲ್ಲಿ ಹುಟ್ಟಿ, ಇದೇ ಊರಿನವರ ಕೈಯಲ್ಲಿ ಹೊಡೆಸಿಕೊಂಡು, ಇದೇ ಬಂದರಿನಲ್ಲಿ ತೂಕ ಹಾಕಿದವರು. ಯಾವ ದೇಶದ ಜಗಳವನ್ನು ಅವರ ತಲೆಗೆ ಕಟ್ಟುತ್ತೀರಿ?" ನನ್ನ ದನಿ ಹೊರಗಿನ ಮೆಟ್ಟಿಲವರೆಗೂ ಕೇಳಿಸಿರಬೇಕು. "ಆಯ್ತು, ಆಯ್ತು, ಲೆಟರ್ ಇಟ್ಟು ಹೋಗಿ. ಏನಾದ್ರೂ ಮಾಡ್ತೀನಿ," ಎಂದರು.

ಅಷ್ಟರಲ್ಲಿ ಅಂಕಲ್‌ಗೆ ನ್ಯುಮೋನಿಯ. ವಾರ್ಡಿನಲ್ಲಿ ಆಮ್ಲಜನಕದ ನಳಿಗೆ ಹಾಕಿಸಿಕೊಂಡು ಮಲಗಿದ್ದರು. ನನ್ನನ್ನು ಕಂಡು ಮೊದಲು ಹೇಳಿದ್ದು, "ನಲವತ್ತಾರು. ಈಗ ಎಲ್ಲಕ್ಕಿಂತ ಕೆಳಗಿನ ಫ್ಲೈವೇಟ್‌ಗೂ ಕಡಿಮೆ." ಆಮೇಲೆ ಕೇಳಿದರು: "ಏನು ಬರೆಯುತ್ತಾರಂತೆ?"

"ನೀವು ಹೇಳಿದ್ದನ್ನೇ," ಎಂದೆ. ಯೋಚಿಸದೆ ಹೇಳಿಬಿಟ್ಟೆ.

"ನಡೆದು ಬಂದ ಅಂತ?"

"ನಡೆದು ಬಂದ ಅಂತ."

ನನ್ನ ಕೈಯನ್ನು ತಮ್ಮ ಅಂಗೈಯ ಮೇಲಿಟ್ಟುಕೊಂಡು, ತೂಕ ನೋಡುವವರ ಹಾಗೆ ಎರಡು ಸಲ ಮೇಲೆ ಕೆಳಗೆ ಆಡಿಸಿದರು. ಎರಡು ದಿನ ಬಿಟ್ಟು ಹೋದರು. ಅವರ ಪ್ರಾರ್ಥನೆಗೆ ಅವರವರೇ ಹತ್ತು ಗಂಡಸರು ಬೇಕಂತೆ. ಒಬ್ಬರೂ ಇರಲಿಲ್ಲ. ಬಂದರಿನ ಹಳೆಯ ಸಂಗಾತಿಗಳು ಇಬ್ಬರು, ನಾವು ಗಂಡ ಹೆಂಡತಿ, ಮಣ್ಣು ಹಾಕಿ ಸುಮ್ಮನೆ ನಿಂತು ಬಂದೆವು.

ಗೋಡೆಯ ಉದ್ಘಾಟನೆ ಶನಿವಾರ ಬೆಳಿಗ್ಗೆಯೇ ಇಟ್ಟಿದ್ದರು, ಇನ್ನೇನು. ಹೋದೆ. ಫೋಟೋದಲ್ಲಿ ಕಿವಿ ಇನ್ನೂ ನೆಟ್ಟಗಿದ್ದ ಹುಡುಗ. ಕೆಳಗಿನ ಸಾಲು ಬದಲಾಗಿತ್ತು: 'ಅನಾರೋಗ್ಯದ ನಿಮಿತ್ತ ತೂಕಕ್ಕೆ ಗೈರುಹಾಜರು.'

ಎರಡು ಸಲ ಓದಿದೆ. ಅನಾರೋಗ್ಯವಂತೆ! ಹತ್ತು ಮೈಲಿ ನಡೆದ ಕಾಲಿಗೆ ಅನಾರೋಗ್ಯ!

ಕಾರ್ಯದರ್ಶಿ ನಗುತ್ತ ಬಂದರು. "ನೋಡಿದ್ರಾ ಡಾಕ್ಟರ್? ನಿಮ್ಮ ಮೆಡಿಕಲ್ ಲೆಟರ್ ಇತ್ತಲ್ಲ, ಅದನ್ನಿಟ್ಟುಕೊಂಡೇ ಕಮಿಟೀಲಿ ಒಪ್ಪಿಸಿದೆ. ಇನ್ನು ಹೆದರಿ ಓಡಿದ ಅಂತ ಯಾರೂ ಅನ್ನಲ್ಲ." ನಿಜವಾಗಿಯೂ ಉಪಕಾರ ಮಾಡಿದ್ದೇನೆ ಎಂದುಕೊಂಡಿದ್ದರು. ಹೇಡಿಯನ್ನು ರೋಗಿ ಮಾಡಿದ್ದರು, ಅದೂ ನನ್ನ ಕಾಗದ ತೋರಿಸಿ.

ನನ್ನ ಕೈ ಆಗಲೇ ಚೀಲದೊಳಗಿನ ಪೆನ್ನಿಗೆ ಹೋಗಿತ್ತು. ತಡೆದೆ. ಅಂದು ಶನಿವಾರ. ಅವರ ಸಾಲನ್ನು ಅವರು ಬರೆಯದ ದಿನ ಬರೆಯಬಾರದು ಎನ್ನಿಸಿತು.

ಭಾನುವಾರ ಬೆಳಿಗ್ಗೆ ಮತ್ತೆ ಹೋದೆ. ಕಾರಿನಲ್ಲಿ ಕೂತ ಗಂಡ, "ಪೊಲೀಸರು ಬಂದ್ರ ಈಕಿ ನನ್ನ ಹೇಣ್ತಿ ಅಲ್ಲ ಅಂತೀನಿ ನೋಡ," ಎಂದರು, ಆದರೂ ಅಳಿಸಿಹೋಗದ ಮಾರ್ಕರ್ ಪೆನ್ನನ್ನು ಫ್ಯಾಕ್ಟರಿಯಿಂದ ತಂದುಕೊಟ್ಟವರು ಅವರೇ. ಮೊಗಸಾಲೆಯಲ್ಲಿ ಗುಡಿಸುವ ಹೆಂಗಸನ್ನು ಬಿಟ್ಟು ಯಾರೂ ಇರಲಿಲ್ಲ. ಆ ಸಾಲಿಗೆ ಅಡ್ಡಗೆರೆ ಎಳೆದು, ಕೆಳಗೆ ದೊಡ್ಡ ಅಕ್ಷರದಲ್ಲಿ ಇಂಗ್ಲಿಷಿನಲ್ಲಿ, ಮಲಯದಲ್ಲಿ ಬರೆದೆ: 'ಬಂದಿದ್ದರು. ಶನಿವಾರವಾದ್ದರಿಂದ ಹತ್ತು ಮೈಲಿ ನಡೆದು ಬಂದಿದ್ದರು. ಹತ್ತು ನಿಮಿಷ ತಡವಾಯಿತು.' ಅದರಡಿ ನನ್ನ ಹೆಸರು, ಡಿಗ್ರಿ, ರಿಜಿಸ್ಟ್ರೇಷನ್ ನಂಬರು. ಕ್ಲಿನಿಕ್ಕಿನಿಂದ ತಂದಿದ್ದ ಸೀಲನ್ನೂ ಒತ್ತಿದೆ.

ಸೋಮವಾರ ಕಾರ್ಯದರ್ಶಿಯ ಫೋನು ಬಂತು. ಈ ಸಲ ಒಳ್ಳೆಯ ಮಾತಿರಲಿಲ್ಲ. "ಡಾಕ್ಟರ್, ಏನಿದು? ಗೋಡೆ ಮೇಲೆ ನಿಮ್ಮ ಸಹಿ ಇದೆ! ಏನು ಬರೆದಿದೆ ಅಂತ ಓದಿ ಸಹಿ ಹಾಕಿದ್ರಾ ನೀವು?"

"ಈ ಸಲ ಓದಿಯೇ ಹಾಕಿದ್ದೇನೆ," ಎಂದೆ.